ಅರ್ಧರ್ಧ ಕಂಡ ಮುಖ

ಆ ಮನುಷ್ಯನ ಕಣ್ಣುಗಳನ್ನು ನಾನು ನೋಡಿದ್ದೇನೆ. ಅವನ ಗದ್ದ, ಗಂಟಲು ಕೂಡ ನೋಡಿದ್ದೇನೆ. ಆದರೆ ಎರಡನ್ನೂ ಒಟ್ಟಿಗೆ ನೋಡಲಿಲ್ಲ. ಇದನ್ನು ಯಾರಿಗೆ ಹೇಳಿದರೂ "ಹಂಗಂದ್ರೇನ್ರಿ?" ಎಂದು ನನ್ನನ್ನೇ ಕೇಳುತ್ತಾರೆ. ಬಿಡಿಸಿ ಬರೆದರೆ ನನಗಾದರೂ ತಿಳಿದೀತು ಎಂದು ಕೂತಿದ್ದೇನೆ.

ನಾವು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆಗೆ ಇದ್ದವರು. ಸ್ವಂತದ್ದೊಂದು ಇರಲಿ ಎಂದು ಸಿರುಗುಪ್ಪ ರಸ್ತೆಯ ಒಂದು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ಬಂದೆವು. ನಾಲ್ಕು ಮನೆ, ಮುಂದೆ ಖಾಲಿ ಸೈಟುಗಳ ಸಾಲು, ಸೈಟುಗಳ ತುಂಬ ಜಾಲಿ, ಮತ್ತೆ ನಾಲ್ಕು ಮನೆ. ಪೇಟೆಯ ಮನೆಯಲ್ಲಿ ಕೆಮ್ಮಿದರೆ ಎದುರು ಮನೆಯವರು ಶುಂಠಿ ಕಷಾಯ ಕುಡಿ ಎನ್ನುತ್ತಿದ್ದರು. ಇಲ್ಲಿ ಕೂಗಿದರೂ ಜಾಲಿಗೆ ಮಾತ್ರ ಕೇಳುತ್ತದೆ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಈಗ ಮಾಡುವುದಿಲ್ಲ.

ಪಕ್ಕದ ಮನೆಯವರು ತೆಕ್ಕಲಕೋಟೆಯ ಕಡೆಯವರು. ತಾಯಿ, ಮಗ, ಸೊಸೆ. ಮಗನಿಗೆ ಊರೊಳಗೆ ಗೊಬ್ಬರ, ಬೀಜದ ಅಂಗಡಿ. ತಾಯಿಯನ್ನು ನಾನು ದೊಡ್ಡಮ್ಮ ಎಂದೇ ಕರೆಯುತ್ತೇನೆ. ದೊಡ್ಡಮ್ಮನಿಗೆ ಒಂದು ಅಭ್ಯಾಸ. ಹೊಸಬರು ಯಾರೇ ಕಂಡರೂ ಮೊದಲು ಊರು ಕೇಳುತ್ತಾರೆ, ಆಮೇಲೆ "ಯಾರ ಪೈಕಿ?" ಎನ್ನುತ್ತಾರೆ. ಎದುರಿನವರು ಉತ್ತರ ಹುಡುಕುವಷ್ಟರಲ್ಲಿ ತಾವೇ ಉತ್ತರ ಕೊಟ್ಟೂ ಬಿಡುತ್ತಾರೆ. ಗ್ಯಾಸ್ ಸಿಲಿಂಡರ್ ತರುವವನು ಒಂದು ಸಲ ಸಿರುಗುಪ್ಪ ಎಂದ. ಅವನು ಸಿಲಿಂಡರ್ ಇಳಿಸುವುದರೊಳಗೆ ದೊಡ್ಡಮ್ಮ ಅವನನ್ನು ತಮ್ಮ ಸೋದರತ್ತೆಯ ಬೀಗರ ಮನೆತನಕ್ಕೆ ಸೇರಿಸಿ, ಊಟಕ್ಕೆ ಕೂರಿಸಿದ್ದರು. "ಅಲ್ರಿ ಅಮ್ಮಾ, ನಾವು ಬ್ಯಾರೇದವ್ರು" ಎಂದು ಅವನು ಹೇಳುತ್ತಲೇ ಇದ್ದ. "ಇರ್ಲಿ ತಗೋ, ಹುಡುಕಿದ್ರ ಎಲ್ಲಾರೂ ಒಂದ ಕಡೀಗೆ ಬರ್ತಾರ" ಎಂದು ದೊಡ್ಡಮ್ಮ ರೊಟ್ಟಿ ಬಡಿಸಿದ್ದರು.

ನಮ್ಮ ಕಡೆ ಇದೇನೂ ವಿಚಿತ್ರವಲ್ಲ. ಬಂದವರಿಗೆ "ನೀವು ಯಾರೋ ನನಗೆ ಗೊತ್ತಿಲ್ಲ" ಎನ್ನುವುದು ಬಾಗಿಲು ಹಾಕಿದಂತೆ. ಗೊತ್ತಿಲ್ಲದಿದ್ದರೆ ಗೊತ್ತು ಮಾಡಿಕೊಳ್ಳಬೇಕು. ನಾನು ಬಿ.ಎಸ್ಸಿ. ಓದಿದವಳು, ಮನೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಆದರೂ ನನ್ನ ತಾಯಿಯ ಮನೆಯಲ್ಲಿ ಕಲಿತದ್ದು ಇದನ್ನೇ.

ಅಂದು ಬೇಸಿಗೆಯ ಮಧ್ಯಾಹ್ನ, ಬಿಸಿಲು ಸ್ವಲ್ಪ ಇಳಿದಿತ್ತು. ದೊಡ್ಡಮ್ಮನ ಮನೆಯ ಮುಂದಿನ ಕಟ್ಟೆಯ ಮೇಲೆ ನೆರಳು ಬಿದ್ದಿತ್ತು. ಅವರ ಹೊಲದ ಅಕ್ಕಿ ಬಂದಿತ್ತು. ನಾವಿಬ್ಬರೂ ಒಂದೊಂದು ಮೊರ ಹಿಡಿದು ಹಸನು ಮಾಡುತ್ತ ಕೂತಿದ್ದೆವು. ಸೊಸೆ ತವರಿಗೆ ಹೋಗಿದ್ದಳು, ಮಗ ಅಂಗಡಿಯಲ್ಲಿದ್ದ. ದೊಡ್ಡಮ್ಮನ ಕೊರಳಲ್ಲಿ ಚಿನ್ನದ ಗುಂಡಿನ ಸರ ಇತ್ತು. ಯಾವಾಗಲೂ ಇರುತ್ತಿತ್ತು. ಅದು ಅವರ ಮೈಯ ಒಂದು ಭಾಗವೆಂಬಂತೆ ನನಗೆ ರೂಢಿಯಾಗಿಬಿಟ್ಟಿತ್ತು.

ಬೈಕಿನ ಮೇಲೆ ಇಬ್ಬರು ಬಂದರು. ಇಬ್ಬರ ಮುಖಕ್ಕೂ ಟವಲು ಸುತ್ತಿತ್ತು. ಅದರಲ್ಲಿ ಸಂಶಯಪಡುವಂಥದ್ದು ಏನೂ ಇರಲಿಲ್ಲ. ಬಳ್ಳಾರಿಯ ಬಿಸಿಲಿಗೆ, ಧೂಳಿಗೆ ಎಲ್ಲರೂ ಹಾಗೇ ತಿರುಗುತ್ತಾರೆ. ನನ್ನ ಗಂಡ ಮನೆಗೆ ಬರುವುದೂ ಹಾಗೇ. ಒಬ್ಬ ಬೈಕಿನ ಮೇಲೆಯೇ ಕೂತ. ಹಿಂದೆ ಕೂತಿದ್ದವನು ಇಳಿದು ಗೇಟು ತೆರೆದು ಬಂದ.

"ಚಿಗವ್ವಾ, ಆರಾಮದೀರೇನ್ರಿ?"

ದೊಡ್ಡಮ್ಮ ಮೊರ ಕೆಳಗಿಟ್ಟರು. "ಯಾರಪ್ಪಾ? ಗುರ್ತು ಹತ್ತಲಿಲ್ಲಲ್ಲ."

"ಗುರ್ತು ಹೆಂಗ ಹತ್ತಬೇಕ್ರಿ, ನಮ್ಮ ಕಡಿ ಬರೋದ ಬಿಟ್ಟೀರಿ."

"ನಿಮ್ಮ ಕಡಿ ಅಂದ್ರ? ಕುರುಗೋಡೇನು?"

"ಹೂಂನ್ರಿ, ಕುರುಗೋಡು."

"ನಮ್ಮ ತಂಗಿ ಮನಿ ಪೈಕಿಯೇನು?"

"ಅವ್ರ ಪೈಕೀನ್ರಿ."

"ಹಂಗಾರ ಆಕಿ ಮೈದುನನ ಮಗನ ಇರಬೇಕು ನೀನು! ಆಕಿ ಮಗಳ ಮದುವ್ಯಾಗ ಇಷ್ಟಿದ್ದೆಲ್ಲೋ." ದೊಡ್ಡಮ್ಮ ನೆಲದಿಂದ ಕೈ ಎತ್ತಿ ಅಳತೆ ತೋರಿಸಿದರು.

"ಆಗ ಸಣ್ಣಾಂವಿದ್ನಲ್ರಿ" ಎಂದು ಅವನು ನಕ್ಕ. ಟವಲಿನೊಳಗೇ ನಕ್ಕದ್ದು ಕೇಳಿಸಿತು.

ಈಗ ಒಂದೊಂದೇ ಮಾತು ತೆಗೆದು ನೋಡಿದರೆ ಅವನು ತಾನಾಗಿ ಏನನ್ನೂ ಹೇಳಿರಲಿಲ್ಲ. ಊರು ಕೊಟ್ಟವರು ದೊಡ್ಡಮ್ಮ, ಮನೆತನ ಕೊಟ್ಟವರೂ ಅವರೇ. ಅವನು ಹೂಂ ಎಂದ ಅಷ್ಟೇ. ಅಂದು ಮಾತ್ರ ನನಗೆ ಅದು ಹೊಳೆಯಲಿಲ್ಲ. ನೆಂಟರು ಬಂದರು ಎಂದು ನಾನೂ ಸರಿದು ಜಾಗ ಮಾಡಿದೆ.

"ಬಿಸಲಾಗ ಬಂದೈತಿ ಕೂಸು. ಯವ್ವಾ, ಒಳಗ ಹೋಗಿ ಒಂದು ಲೋಟ ಮಜ್ಜಿಗಿ ತಾ" ಎಂದರು ದೊಡ್ಡಮ್ಮ.

ಅವರ ಅಡುಗೆಮನೆ ನನಗೆ ನನ್ನದರಷ್ಟೇ ಗೊತ್ತು. ಮಜ್ಜಿಗೆಗೆ ಉಪ್ಪು ಹಾಕಿ ತಂದು ಕೊಟ್ಟೆ. ಅವನು ತಲೆ ಹಿಂದಕ್ಕೆ ಚೆಲ್ಲಿ, ಟವಲನ್ನು ಗದ್ದದ ಕೆಳಕ್ಕೆ ಎಳೆದು, ಲೋಟವನ್ನು ತುಟಿಗೆ ಸೋಕಿಸದೆ ಎತ್ತಿ ಕುಡಿದ. ಮನೆಯವರು ಕಲಿಸಿದ ಹುಡುಗ ಎಂದುಕೊಂಡೆ. ನಾನು ಕಟ್ಟೆಯ ಕೆಳಗೆ ನಿಂತಿದ್ದೆ. ಗದ್ದ ಕಂಡಿತು, ಗದ್ದದ ಅಡಿಯ ಕುರುಚಲು ಕಂಡಿತು, ಗಂಟಲಿನ ಗುಬುಟು ಮೇಲೆ ಕೆಳಗೆ ಆಡುವುದು ಕಂಡಿತು. ಕಣ್ಣು ಆಕಾಶದ ಕಡೆಗಿತ್ತು, ಮೂಗಿಗೆ ಲೋಟ ಅಡ್ಡ ಇತ್ತು. ಲೋಟ ಕೆಳಗೆ ಬರುವಷ್ಟರಲ್ಲಿ ಟವಲು ಮೇಲೆ ಬಂದಿತ್ತು.

"ಬರ್ತೀನ್ರಿ ಚಿಗವ್ವಾ" ಎಂದು ಕಾಲು ಮುಟ್ಟಲು ಬಾಗಿದ.

"ಚೊಲೊ ಆಗ್ಲಿ ನನ್ನಪ್ಪ" ಎಂದು ದೊಡ್ಡಮ್ಮ ಅವನ ತಲೆಯ ಮೇಲೆ ಕೈಯಿಡಲು ತಾವೂ ಬಾಗಿದರು. ಕೊರಳಿನ ಸರ ಮುಂದಕ್ಕೆ ಜೋತಿತು. ಕಾಲ ಹತ್ತಿರ ಇದ್ದ ಅವನ ಕೈ ನೆಟ್ಟಗೆ ಮೇಲೆದ್ದಿತು.

ಆಮೇಲಿನದು ನನಗೆ ಸರಿಯಾದ ಸಾಲಿನಲ್ಲಿ ನೆನಪಿಗೆ ಬರುವುದಿಲ್ಲ. ದೊಡ್ಡಮ್ಮ ಕಟ್ಟೆಯಿಂದ ಉರುಳಿದ್ದು ಮೊದಲೋ, ಸರ ಹರಿದದ್ದು ಮೊದಲೋ? ಚಿನ್ನದ ಗುಂಡುಗಳು ಕೆಲವು ಅಕ್ಕಿಯೊಳಗೆ ಬಿದ್ದ ಸದ್ದು ಮಾತ್ರ ಬೇರೆಯಾಗಿ ಕೇಳುತ್ತದೆ. ಅವನ ಕೈಯಲ್ಲಿ ಒಂದು ಸಣ್ಣ ಕುಡುಗೋಲು ಇತ್ತು. ಎಲ್ಲಿಂದ ಬಂತೋ. ಅದನ್ನು ನನ್ನ ಹೊಟ್ಟೆಯ ನೇರಕ್ಕೆ ಹಿಡಿದ. ಆಗ ಅವನ ಕಣ್ಣು ಕಂಡಿತು. ಟವಲಿನ ಮೇಲೆ ಎರಡು ಕಣ್ಣು. ಬಿಸಿಲಿಗೆ ಕೆಂಪಾಗಿದ್ದವು, ಎಲ್ಲರ ಕಣ್ಣಿನ ಹಾಗೆ.

"ಅಕ್ಕಾ, ಒಳಗ ಹೋಗ್ರಿ" ಎಂದ.

'ಹೋಗು' ಎನ್ನಲಿಲ್ಲ, 'ಹೋಗ್ರಿ' ಎಂದ. ಕುಡುಗೋಲು ಹಿಡಿದವನು ಯಾಕೆ ಮರ್ಯಾದೆ ಕೊಟ್ಟ ಎಂದು ನಾನು ಇಂದಿಗೂ ಯೋಚಿಸುತ್ತೇನೆ. ನಾನು ಒಳಗೂ ಹೋಗಲಿಲ್ಲ, ಕೂಗಲೂ ಇಲ್ಲ. ಕೈಯಲ್ಲಿ ಖಾಲಿ ಲೋಟ ಇತ್ತು. ಬೈಕು ಹೋಯಿತು. ಲೋಟವನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಆಮೇಲೆ ದೊಡ್ಡಮ್ಮನ ಹತ್ತಿರ ಕೂತೆ. ಲೋಟ ಯಾಕೆ ಬೋರಲು ಹಾಕಿದೆ?

ದೊಡ್ಡಮ್ಮನ ಬಲಗೈ ಮುರಿದಿತ್ತು. ಕೊರಳ ಸುತ್ತ ಸರ ಕೊಯ್ದ ಗೆರೆ ಇತ್ತು. ಆಸ್ಪತ್ರೆಗೆ ಹೋಗುವ ಆಟೋದಲ್ಲಿ ನೋವಿನ ನಡುವೆಯೂ ಅವರು ಒಂದೇ ಮಾತು ಹೇಳುತ್ತಿದ್ದರು: "ನಮ್ಮ ತಂಗೀಗೆ ಹೇಳಬ್ಯಾಡ್ರಿ. ಆಕಿ ಮೈದುನನ ಮಗ ಹಿಂಗ ಅಂದ್ರ ಆಕಿ ಎದಿ ಒಡಕೊಂತಾಳ." ಅವನು ನಿಮ್ಮ ತಂಗಿಯ ಮನೆಯವನಲ್ಲ, ಕಳ್ಳ ಎಂದು ಬಿಡಿಸಿ ಹೇಳಲು ಮಗನಿಗೆ ಬಹಳ ಹೊತ್ತು ಹಿಡಿಯಿತು.

ಹೇಳಿಕೆ ಪಡೆಯಲು ಠಾಣೆಯಿಂದ ದಫೇದಾರರು ಬಂದರು. ವಯಸ್ಸಾದವರು, ತಾಳ್ಮೆಯವರು. ಮುಖ ಹೇಗಿತ್ತು ಎಂದು ಕೇಳಿದರು. ನಾನು ಕಣ್ಣಿನ ಬಗ್ಗೆ, ಗಂಟಲಿನ ಬಗ್ಗೆ ಹೇಳಿದೆ.

"ಮೂಗ್ರಿ?"

"ಮೂಗು ನೋಡಿಲ್ಲ."

"ಮಜ್ಜಿಗಿ ಕುಡಿಯುವಾಗ ಮೂಗು ಎಲ್ಲಿಟ್ಟಿದ್ದನ್ರಿ ಮತ್ತ?" ಎಂದರು. ಹೇಳಿದ ಮೇಲೆ ತಮಗೇ ಪಾಪ ಎನಿಸಿರಬೇಕು, ಪೆನ್ನು ಮುಚ್ಚಿದರು. ಊರ ಹೊರಗೆ ಇಂಥವು ಹೆಚ್ಚಾಗಿವೆಯೇ ಎಂದು ನನ್ನ ಗಂಡ ಕೇಳಿದರು. "ಹೆಚ್ಚೇನಿಲ್ರಿ. ಹೋದ ವರ್ಷಕ್ಕ ನೋಡಿದ್ರ ಕಡಿಮಿನ ಆಗ್ಯಾವು" ಎಂದರು ದಫೇದಾರರು. ಪೇಪರಿನಲ್ಲಿ ಹೆಚ್ಚಾಗಿದೆ ಎಂದು ಬಂದಿತ್ತು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಕಳ್ಳತನದ ಸುದ್ದಿ ಬರುತ್ತಿತ್ತು. ಅದರಲ್ಲಿ ಎಷ್ಟೋ ಬೇರೆ ಊರಿನವು, ಎಷ್ಟೋ ಹಳೆಯವು. ಯಾವುದು ನಿಜ ಎಂದು ಲೆಕ್ಕ ಹೇಳಿಕೊಡುವ ನನಗೂ ಗೊತ್ತಾಗಲಿಲ್ಲ. ನಮ್ಮ ಮನೆ ಬಾಗಿಲಿಗೆ ಬಂದದ್ದು ಒಂದೇ ಒಂದು. ಆದರೆ ಆ ಒಂದು, ಲೆಕ್ಕದಲ್ಲಿ ಒಂದಾಗಿ ನಿಲ್ಲುವುದಿಲ್ಲ.

ಬಡಾವಣೆಯ ಗಂಡಸರು ಸಭೆ ಸೇರಿದರು. ದಾರಿಯ ಬಾಯಿಗೆ ಒಂದು ಬೊಂಬು ಅಡ್ಡ ಬಂತು. ಅದರ ಹತ್ತಿರ ಪಾಳಿಯ ಮೇಲೆ ಇಬ್ಬಿಬ್ಬರು ಕೂರತೊಡಗಿದರು. ಹೆಂಗಸರ ಕೊರಳುಗಳು ಬರಿದಾದವು. ಒಳಗೆ ಬರುವವರು ಟವಲು ತೆಗೆದು ಮುಖ ತೋರಿಸಬೇಕು, ಯಾರ ಮನೆಗೆ ಎಂದು ಹೇಳಬೇಕು. ಕೊಳಗಲ್ಲು ಹಳ್ಳಿಯಿಂದ ಹಾಲು ತರುವವನು ಕೂಡ. "ದಿನಾ ನನ್ನ ಹಾಲು ಕುಡಿತೀರಿ, ದಿನಾ ನನ್ನ ಮಾರಿ ನೋಡ್ತೀರಿ. ನಾಳಿಂದ ನಿಮ್ಮ ಮನಿಗೆ ಅಳಿಯ ಆಗಿ ಬರ್ಲೇನು?" ಎಂದು ಅವನು ಗೊಣಗುತ್ತಿದ್ದ. ದೊಡ್ಡಮ್ಮ ರೊಟ್ಟಿ ಬಡಿಸುವ ಮುಂಚೆ ಕೇಳುತ್ತಿದ್ದ "ಯಾರ ಪೈಕಿ?" ಎಂಬ ಮಾತನ್ನೇ ಅಲ್ಲೂ ಕೇಳುತ್ತಿದ್ದರು. ಆದರೆ ಅದು ಬೇರೆಯೇ ಮಾತಾಗಿತ್ತು.

ನಾನು ಮಕ್ಕಳಿಗೆ ಪಾಠ ಹೇಳುವಾಗಲೂ ಬೈಕಿನ ಸದ್ದಿಗೆ ಕಿವಿ ಕೊಡುತ್ತಿದ್ದೆ. ಗಂಡಸರ ಗಂಟಲು ನೋಡುವ ಚಟ ಹತ್ತಿತ್ತು. ಬಸ್ಸಿನಲ್ಲಿ, ತರಕಾರಿ ಸಂತೆಯಲ್ಲಿ, ಯಾರಾದರೂ ನೀರು ಎತ್ತಿ ಕುಡಿದರೆ ನಿಂತುಬಿಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಬೊಂಬಿನ ಕಡೆಯಿಂದ ಗದ್ದಲ ಕೇಳಿತು. ದೊಡ್ಡಮ್ಮನ ಮಗ ನಮ್ಮ ಮನೆಗೆ ಓಡಿ ಬಂದ.

"ಅಕ್ಕಾ, ಲಗೂನ ಬರ್ರಿ. ಸಿಕ್ಕಾನ ಮಗ. ಕುರುಗೋಡಂತ, ನಮ್ಮ ಚಿಗವ್ವನ ಮೈದುನನ ಮಗ ಅಂತ! ಮತ್ತ ಅದ ಹಾಡು ಹಾಡಾಕ ಬಂದಾನ!"

ಹೋದೆ. ಕರೆಂಟ್ ಕಂಬಕ್ಕೆ ಬೆನ್ನು ಕೊಟ್ಟು ಒಬ್ಬ ನಿಂತಿದ್ದ. ಸುತ್ತ ಬಡಾವಣೆಯ ಗಂಡಸರು. ಯಾರ ಕೈಯಲ್ಲೋ ಬೊಂಬು ಇತ್ತು. ಅವನ ಟವಲನ್ನು ಕಿತ್ತು ಅದರಲ್ಲೇ ಅವನ ಕೈ ಕಟ್ಟಿದ್ದರು. ಕೆಳಗೆ ಒಂದು ಚೀಲ ಬಿದ್ದು ಬಾಳೆಹಣ್ಣು ಚೆಲ್ಲಿದ್ದವು. ಮುಖ ಪೂರ್ತಿ ಕಾಣುತ್ತಿತ್ತು. ಕಣ್ಣು, ಮೂಗು, ಗದ್ದ, ಎಲ್ಲ ಒಂದೇ ಕಡೆ. ಹಾಗೆ ಒಟ್ಟಿಗೆ ಕಂಡದ್ದರಿಂದಲೇ ನನಗೆ ಏನೂ ತಿಳಿಯಲಿಲ್ಲ.

"ಇವ್ನ ಹೌದಲ್ರಿ ಅಕ್ಕಾ?" ಎಂದ ದೊಡ್ಡಮ್ಮನ ಮಗ. "ಹೂಂ ಅನ್ರಿ ಸಾಕು. ಮುಂದಿಂದು ನಾವು ನೋಡ್ಕೊಂತೀವಿ."

ಮುಂದಿನದು ಏನೆಂದು ಎಲ್ಲರಿಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. ನನ್ನ ಒಂದು ಹೂಂಗೆ ಅವನ ಕೈಕಾಲು ಮುರಿಯುತ್ತಿದ್ದವು, ಅಥವಾ ಇನ್ನೂ ಹೆಚ್ಚೇ ಆಗುತ್ತಿತ್ತು. ಅಲ್ಲ ಎಂದರೆ, ದೊಡ್ಡಮ್ಮನ ಕೈ ಮುರಿದವನು ಬಾಳೆಹಣ್ಣು ಆರಿಸಿಕೊಂಡು ಹೋಗಿಬಿಡಬಹುದು.

"ಅಕ್ಕಾ, ನಾ ಅಲ್ರಿ" ಎಂದ.

ಅದೇ ಧ್ವನಿ. 'ಅಕ್ಕಾ' ಎಂಬುದು ಅದೇ. ಆದರೆ ನಮ್ಮ ಕಡೆ ಎಲ್ಲರೂ ಅಕ್ಕಾ ಎನ್ನುವುದು ಹೀಗೇ ಅಲ್ಲವೇ?

"ಅವ್ನಿಗೆ ನೀರು ಕುಡಿಸ್ರಿ" ಎಂದೆ.

"ಏನು, ಸತ್ಕಾರ ಮಾಡ್ತೀರೇನ್ರಿ?" ಎಂದರು ಯಾರೋ. ನನಗೆ ಗಂಟಲು ನೋಡಬೇಕಿತ್ತು. ಕೈ ಬಿಚ್ಚಿ ಬಾಟಲಿ ಕೊಟ್ಟರು. ಅವನು ತಲೆ ಎತ್ತಿ ಕುಡಿದ. ನೀರು ಅಂಗಿಯ ಮೇಲೆಲ್ಲ ಚೆಲ್ಲಿತು. ಗಂಟಲಿನ ಗುಬುಟು ಮೇಲೆ ಹೋಯಿತು, ಕೆಳಗೆ ಬಂತು. ಹೌದು ಎನಿಸಿತು. ಹಿಂದಿನ ದಿನ ಸಂತೆಯಲ್ಲಿ ಈರುಳ್ಳಿ ಮಾರುವವನನ್ನು ನೋಡಿದಾಗಲೂ ಹೀಗೇ ಎನಿಸಿತ್ತು.

"ನನಗ ಗೊತ್ತಾಗವಲ್ದು" ಎಂದೆ.

"ಓದಿದಾಕಿ ಆಗಿ ಹಿಂಗಂದ್ರ ಹೆಂಗ್ರಿ? ಹೌದು, ಇಲ್ಲಾಂದ್ರ ಅಲ್ಲ. ನಡುವ ಇನ್ನೇನೈತಿ?"

ನನ್ನ 'ಗೊತ್ತಿಲ್ಲ' ಅವನಿಗೆ ಯಾವ ಉಪಕಾರವನ್ನೂ ಮಾಡಲಿಲ್ಲ. ಗುಂಪಿನಿಂದ ಒಂದು ಕೈ ಬಂದು ಅವನ ಕೆನ್ನೆಗೆ ಬಿತ್ತು. ಇನ್ನೊಂದು ಕೈ ಎದ್ದಿತು. ಆಗಲೇ ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿತು. ಮುರಿದ ಕೈಯನ್ನು ಕೊರಳಿಗೆ ಜೋತುಹಾಕಿಕೊಂಡು ಬರುತ್ತಿದ್ದರು.

"ಹಿಂದಕ ಸರೀರಿ. ನಾ ಕೇಳ್ತೀನಿ."

ಅವನ ಎದುರು ನಿಂತರು. "ಯಾವೂರಪ್ಪಾ?"

"ಕುರುಗೋಡು ರೀ."

"ಯಾರ ಪೈಕಿ?"

"ನಿಮ್ಮ ತಂಗಿ ಮೈದುನನ ಮಗಾರೀ. ಅಕ್ಕಾರ ಕೈ ಮುರದೈತಿ, ಹೋಗಿ ಮಾತಾಡ್ಸಿಕೊಂಡು ಬಾ ಅಂತ ನಮ್ಮ ದೊಡ್ಡವ್ವ, ನಿಮ್ಮ ತಂಗಿ, ಕಳಿಸ್ಯಾಳ್ರಿ."

ದೊಡ್ಡಮ್ಮ ಎಂದಿನಂತೆ ಮುಂದಿನ ಮಾತು ತಾವೇ ಹೇಳಿಬಿಡುತ್ತಾರೆ ಎಂದು ಕಾದೆ. ಹೇಳಲಿಲ್ಲ. ಅವನ ಮುಖವನ್ನೇ ನೋಡಿದರು.

"ಹೇಳು" ಎಂದರು ಕೊನೆಗೆ. "ನಮ್ಮ ತಂಗಿ ಮಗಳ ಮದುವಿ ದಿನ ನೀ ಏನು ಮಾಡಿದ್ದಿ?"

ಅವನು ಸುತ್ತ ನೋಡಿದ. ನಾಚಿಕೆಯೋ ಭಯವೋ. "ಅದು… ಬೂಂದಿ ಬುಟ್ಟ್ಯಾಗ ಕುಂತು… ಉಚ್ಚಿ ಹೊಯ್ಕೊಂಡಿದ್ನಂತ್ರಿ. ನನಗ ನೆನಪಿಲ್ರಿ. ಎಲ್ಲಾರೂ ಅಂತಾರ."

ದೊಡ್ಡಮ್ಮ ಎಡಗೈಯಿಂದ ಬಾಯಿ ಮುಚ್ಚಿಕೊಂಡರು. ಮಗ ಆಗಲೇ ಕುರುಗೋಡಿಗೆ ಫೋನ್ ಹಚ್ಚಿದ್ದ. ಸ್ಪೀಕರಿನಲ್ಲಿ ಅವನ ಚಿಕ್ಕಮ್ಮನ ದನಿ ಇಡೀ ಗುಂಪಿಗೆ ಕೇಳಿಸಿತು: "ಮುಟ್ಟಿದನೇನು ಹುಡುಗ? ಬಾಳಿಹಣ್ಣು ಕೊಟ್ಟು ಕಳಿಸೀನಿ, ದಾರ್ಯಾಗ ತಾನ ತಿಂದಾನೇನು ನೋಡ್ರಿ."

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಹೊಡೆದವರು ಬಾಳೆಹಣ್ಣು ಆರಿಸಿಕೊಟ್ಟರು. ದೊಡ್ಡಮ್ಮನ ಮನೆಯಲ್ಲಿ ಅವನಿಗೆ ಚಹಾ ಕೊಟ್ಟದ್ದು ನಾನೇ. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕೆನ್ನೆ ಊದಿದ್ದರಿಂದ ನಿಧಾನವಾಗಿ ಹೀರಿದ. "ತಪ್ಪು ತಿಳೀಬ್ಯಾಡೋ ತಮ್ಮಾ" ಎಂದು ದೊಡ್ಡಮ್ಮನ ಮಗ ಹೇಳುತ್ತಲೇ ಇದ್ದ. ಹೊರಡುವಾಗ ಅವನು ರೂಢಿಯಂತೆ ದೊಡ್ಡಮ್ಮನ ಕಾಲು ಮುಟ್ಟಲು ಬಾಗಿದ. ದೊಡ್ಡಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಸರಿದದ್ದು ಅವರಿಗೂ ಗೊತ್ತಾಯಿತು, ಅವನಿಗೂ ಗೊತ್ತಾಯಿತು. "ಇರ್ಲಿ ಬಿಡಪ್ಪ" ಎಂದರು. ಅವನು ಬಾಗಿದಲ್ಲೇ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋದ.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಂದಿನಿಂದ, ಕಣ್ಣು ಮುಚ್ಚಿ ಆ ಮಧ್ಯಾಹ್ನವನ್ನು ನೆನೆದರೆ ಕಟ್ಟೆಯ ಹತ್ತಿರ ಮಜ್ಜಿಗೆ ಕುಡಿಯುವವನಿಗೆ ಪೂರ್ತಿ ಮುಖ ಇದೆ. ಅದು ಈ ಹುಡುಗನ ಮುಖ. ಟವಲಿನ ಮೇಲಿನ ಕಣ್ಣು, ಟವಲಿನ ಕೆಳಗಿನ ಗಂಟಲು, ನಡುವೆ ಖಾಲಿ ಇದ್ದ ಜಾಗದಲ್ಲಿ ಇವನ ಮೂಗು ಬಂದು ಕೂತಿದೆ. ಅವನಲ್ಲ ಎಂದು ಗೊತ್ತು. ಆದರೂ ಕುಡುಗೋಲು ಹಿಡಿದು "ಒಳಗ ಹೋಗ್ರಿ" ಎನ್ನುವವನು ಅವನೇ. ತೆಗೆದು ಹಾಕಲು ಎಷ್ಟು ಪ್ರಯತ್ನಿಸಿದರೂ ಹೋಗುವುದಿಲ್ಲ. ಅಂದು ನನ್ನ ಹತ್ತಿರ ಅರ್ಧರ್ಧವಾದರೂ ನಿಜವಾದದ್ದು ಇತ್ತು. ಈಗ ಅದೂ ಇಲ್ಲ.

ಹೋದ ವಾರ ದಫೇದಾರರು ಫೋನ್ ಮಾಡಿದರು. ಬೇರೊಂದು ಪ್ರಕರಣದಲ್ಲಿ ಒಬ್ಬನನ್ನು ಹಿಡಿದಿದ್ದಾರೆ, ದೊಡ್ಡಮ್ಮನ ಸರವೂ ಅವನ ಕೆಲಸವೇ ಇರಬಹುದು, ಬಂದು ನೋಡಬೇಕು. ದೊಡ್ಡಮ್ಮ ಬರಲಾರೆ ಎಂದರು. "ನಾ ಅವನ ಮಾರಿ ಎಲ್ಲಿ ನೋಡೀನವ್ವಾ? ನಾ ನಮ್ಮ ತಂಗಿ ಮೈದುನನ ಮಗನ್ನ ನೋಡೀನಿ" ಎಂದರು. ಗಂಡನ ಜೊತೆ ನಾನು ಹೋದೆ.

ಠಾಣೆಯಲ್ಲಿ ನನಗೆ ತೋರಿಸಿದವನು ನಡುವಯಸ್ಸಿನ ಗಂಡಸು, ಕಪ್ಪು, ತೆಳ್ಳಗಿದ್ದ. ಅವನ ಮುಖ ಕಂಡ ಕೂಡಲೇ ಮನಸ್ಸು ತಟ್ಟನೆ 'ಅಲ್ಲ' ಎಂದಿತು. ಇಷ್ಟು ದಿನದಲ್ಲಿ ಅಷ್ಟು ಸ್ಪಷ್ಟವಾಗಿ ಅದು ಏನನ್ನೂ ಹೇಳಿರಲಿಲ್ಲ. ಹಗುರವಾಯಿತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅದು ಯಾಕೆ ಅಲ್ಲ ಎನ್ನುತ್ತಿದೆ ಎಂದು ಹೊಳೆಯಿತು. ಇವನು ಕುರುಗೋಡಿನ ಹುಡುಗನ ಹಾಗಿಲ್ಲ, ಅದಕ್ಕೆ.

"ಹೇಳ್ರಿ ಅಮ್ಮಾ" ಎಂದರು ದಫೇದಾರರು. "ಇವ್ನೇನು?"

"ಗೊತ್ತಿಲ್ರಿ."

"ಅಲ್ಲ ಅಂತೀರೇನು?"

"ಅಲ್ಲ ಅನ್ನಾಕೂ ಬರೂದಿಲ್ರಿ. ಹೌದು ಅನ್ನಾಕೂ ಬರೂದಿಲ್ಲ."

ಅವರು ಸಿಟ್ಟಾಗಲಿಲ್ಲ. "ನಿಮ್ಮ ಮಾತಿನ ಮ್ಯಾಲ ಇದ್ವಿರಿ. ಹಂಗಾರ ಈ ಸರದ ಕೇಸಿನಾಗ ಇವ್ನ ಹೆಸರು ಸೇರ್ಸಾಕ ಬರೂದಿಲ್ಲ ನೋಡ್ರಿ" ಎಂದರು. ಬೆಂಚಿನ ಮೇಲೆ ಕೂತಿದ್ದವನು ಇದನ್ನು ಕೇಳಿಸಿಕೊಂಡು ನನ್ನ ಕಡೆ ನೋಡಿದ. ಕಣ್ಣು ಕೆಂಪಾಗಿದ್ದವು. ಕೈ ಮುಗಿದ. ಅಪರಾಧ ಮಾಡದವನು ಮುಗಿದದ್ದೋ, ಮಾಡಿ ಉಳಿದವನು ಮುಗಿದದ್ದೋ, ನನಗೆ ತಿಳಿಯಲಿಲ್ಲ. ನಾನೂ ರೂಢಿಯ ಮೇಲೆ ತಿರುಗಿ ಕೈ ಮುಗಿದುಬಿಟ್ಟೆ.

ಮನೆಗೆ ಬಂದಾಗ ದೊಡ್ಡಮ್ಮ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ಗೇಟಿಗೆ ಈಗ ಒಳಗಿನಿಂದ ಬೀಗ ಇರುತ್ತದೆ. ಎಡಗೈಯಲ್ಲಿ ತಡವರಿಸುತ್ತ ತೆರೆದರು.

"ಹೌದೇನವ್ವಾ ಅವ?"

"ಗೊತ್ತಾಗ್ಲಿಲ್ಲ ದೊಡ್ಡಮ್ಮ."

"ಯಾವೂರಾಂವಂತ?"

ಬಾಯಿಗೆ ಬಂದ ಮುಂದಿನ ಮಾತನ್ನು ಅವರು ಅಲ್ಲಿಗೇ ನಿಲ್ಲಿಸಿ, ಗೇಟಿಗೆ ಮತ್ತೆ ಬೀಗ ಹಾಕಿದರು.